ಯಲ್ಲಾಪ್ರಗಡ ಸುಬ್ಬರಾವ್

ರೋಗವು ಕಣ್ಣಿಗೆ ಬೀಳುವುದು ಆಸ್ಪತ್ರೆಯಲ್ಲಿ. ಅದರ ಕಾರಣವನ್ನು ಶೋಧಿಸುವುದು ವಿದ್ವಾಂಸರ ಪ್ರಯೋಗಶಾಲೆಯಲ್ಲಿ. ಅದಕ್ಕೆ ಬೇಕಾದ ಮದ್ದು ಸಾವಿರಾರು ಜನರಿಗೆ ಸಾಕಾಗುವಷ್ಟು ತಯಾರಾಗುವುದು ಕಾರ್ಖಾನೆಯಲ್ಲಿ. ಈ ಮೂರರ ನಡುವೆ ಸಂಬಂಧವಿಲ್ಲದಿದ್ದರೆ ವೈದ್ಯನ ಅನುಭವವಾಗಲಿ, ವಿಜ್ಞಾನಿಯ ಜ್ಞಾನವಾಗಲಿ, ಉದ್ಯಮದ ಹಣವಾಗಲಿ ರೋಗಿಯ ಹಾಸಿಗೆಯನ್ನು ಮುಟ್ಟಲಾರವು. ಈ ಮೂರನ್ನೂ ಒಂದೇ ಉದ್ದೇಶಕ್ಕಾಗಿ ಕೂಡಿಸಿ, ಅನೇಕ ಸಂಜೀವಿನಿಗಳು ಲೋಕಕ್ಕೆ ದೊರೆಯುವಂತೆ ಮಾಡಿದವರಲ್ಲಿ ಭಾರತದ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು ಪ್ರಮುಖರು.

ಸುಬ್ಬರಾಯರು 1895ನೆಯ ಇಸವಿ ಜನವರಿ 12ರಂದು ಇಂದಿನ ಆಂಧ್ರಪ್ರದೇಶದ ಭೀಮವರಂ ಎಂಬಲ್ಲಿ ಜನಿಸಿದರು. ಆ ಪ್ರದೇಶವು ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ತಂದೆ ಜಗನ್ನಾಥಂ, ತಾಯಿ ವೆಂಕಮ್ಮ. ಮನೆಯಲ್ಲಿ ಬಡತನವಿತ್ತು. ಬಾಲಕ ಸುಬ್ಬರಾವ್ ಓದಿಗಿಂತ ಹಣ ಸಂಪಾದನೆಯ ಕನಸನ್ನೇ ಹೆಚ್ಚಾಗಿ ಕಾಣುತ್ತಿದ್ದನು. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಯ ಹಣ್ಣು ಮಾರಿ ಧನಿಕನಾಗಬೇಕೆಂದು ಮನೆ ಬಿಟ್ಟು ಹೊರಟ ಆ ಹುಡುಗನನ್ನು ಹಿಂದಕ್ಕೆ ಕರೆತರಬೇಕಾಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವನು ಎರಡು ಬಾರಿ ಅನುತ್ತೀರ್ಣನಾಗಿ, ಮದರಾಸಿನಲ್ಲಿ ಮೂರನೆಯ ಪ್ರಯತ್ನದಲ್ಲಿ ತೇರ್ಗಡೆಯಾದನು. ಮಗನು ಓದನ್ನು ಬಿಡದಂತೆ ನೋಡಿಕೊಂಡವರು ತಾಯಿ ವೆಂಕಮ್ಮನವರು.

ಯೌವನದಲ್ಲಿ ಅವರ ಮನಸ್ಸು ವೈರಾಗ್ಯದ ಕಡೆಗೆ ಒಲಿಯಿತು. ರಾಮಕೃಷ್ಣ ಮಠವನ್ನು ಸೇರಿ ಸನ್ಯಾಸಿಯಾಗಬೇಕೆಂದು ಅವರು ಬಯಸಿದರು. ತಾಯಿ ಅದಕ್ಕೆ ಅನುಮತಿ ಕೊಡಲಿಲ್ಲ. ದೀನರ ಸೇವೆಗೆ ವೈದ್ಯವೃತ್ತಿಯೂ ಒಂದು ಮಾರ್ಗವೆಂದು ತಿಳಿದು ಸುಬ್ಬರಾವ್ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಸ್ವಾತಂತ್ರ್ಯ ಚಳವಳಿಯ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಅವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ಖಾದಿಯ ಉಡುಪನ್ನೇ ಧರಿಸಿ ಆಂಗ್ಲ ಪ್ರಾಧ್ಯಾಪಕರೊಬ್ಬರ ಅಸಮಾಧಾನಕ್ಕೆ ಗುರಿಯಾದರು. ಅದರ ಫಲವಾಗಿ ಪೂರ್ಣ ಪದವಿಗೆ ಬದಲಾಗಿ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ಅವರಿಗೆ ದೊರೆಯಿತು.

ಇದೇ ಕಾಲದಲ್ಲಿ ಅವರ ಮನೆಯ ಮೇಲೆ ಸಿಡಿಲೆರಗಿತು. ಸ್ಪ್ರೂ ಎಂಬ ರೋಗಕ್ಕೆ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಬಲಿಯಾದರು. ಈ ರೋಗ ತಗುಲಿದವರ ಕರುಳು ಅನ್ನದ ಸಾರವನ್ನು ಹೀರಿಕೊಳ್ಳಲಾರದು. ಉಂಡರೂ ದೇಹವು ಸೊರಗುತ್ತದೆ, ರಕ್ತವು ಬತ್ತುತ್ತದೆ. ಸುಬ್ಬರಾಯರೂ ಅದೇ ರೋಗದಿಂದ ಹಾಸಿಗೆ ಹಿಡಿದರು. ಆಗ ಅವರನ್ನು ಉಳಿಸಿದವರು ಆಯುರ್ವೇದ ಪಂಡಿತರಾದ ಡಾ. ಆಚಂಟ ಲಕ್ಷ್ಮೀಪತಿಯವರು. ತಾವು ಕಲಿತ ವೈದ್ಯಶಾಸ್ತ್ರದಲ್ಲಿ ಆ ರೋಗಕ್ಕೆ ನಿಶ್ಚಿತವಾದ ಮದ್ದಿಲ್ಲವೆಂಬ ನೋವು ಸುಬ್ಬರಾಯರ ಎದೆಯಲ್ಲಿ ನೆಲೆಯೂರಿತು.

ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸಿದ ಅವರು, ಮಾವನವರ ಮತ್ತು ಕಾಕಿನಾಡದ ಧರ್ಮಸಂಸ್ಥೆಯೊಂದರ ನೆರವಿನಿಂದ ಅಮೆರಿಕಕ್ಕೆ ಹೊರಟರು. 1923ರ ಅಕ್ಟೋಬರ್ 26ರಂದು ಬಾಸ್ಟನ್ ನಗರವನ್ನು ತಲಪಿದಾಗ ಅವರ ಕೈ ಬರಿದಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಷ್ಣವಲಯದ ರೋಗಗಳನ್ನು ಕುರಿತು ಹಗಲು ವ್ಯಾಸಂಗ. ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೊಳೆಯುವ ಕೆಲಸ ರಾತ್ರಿ. ವೈದ್ಯರಾಗಿದ್ದೂ ಅವರು ಆ ಕೆಲಸವನ್ನು ಹೀನವೆಂದು ಭಾವಿಸಲಿಲ್ಲ.

ಮುಂದೆ ಅವರು ಹಾರ್ವರ್ಡ್ ವೈದ್ಯಕೀಯ ಶಾಲೆಯ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕೆ ಅವರ ಸಹಾಯಕರಾದರು. 1925ರಲ್ಲಿ ಇಬ್ಬರೂ ರಕ್ತ ಮೂತ್ರಾದಿಗಳಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ಸುಲಭ ವಿಧಾನವನ್ನು ಪ್ರಕಟಿಸಿದರು. ರಂಜಕವಿರುವ ದ್ರವಕ್ಕೆ ಕೆಲವು ರಾಸಾಯನಿಕಗಳನ್ನು ಸೇರಿಸಿದರೆ ಅದು ನೀಲಿ ಬಣ್ಣಕ್ಕೆ ತಿರುಗುತ್ತದೆ. ನೀಲಿ ಗಾಢವಾದಷ್ಟೂ ರಂಜಕ ಹೆಚ್ಚು. ಈ ಸರಳ ಸಾಧನವನ್ನು ಹಿಡಿದು ಅವರು ಸ್ನಾಯುಗಳ ಗುಟ್ಟನ್ನೇ ಬಯಲಿಗೆಳೆದರು. 1927ರಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವೂ 1929ರಲ್ಲಿ ಎ.ಟಿ.ಪಿ. ಎಂಬ ವಸ್ತುವೂ ಬೆಳಕಿಗೆ ಬಂದವು. ಎ.ಟಿ.ಪಿ.ಯನ್ನು ಜರ್ಮನಿಯ ಕಾರ್ಲ್ ಲೋಮನ್ ಅವರೂ ಅದೇ ವರ್ಷ ಸ್ವತಂತ್ರವಾಗಿ ಕಂಡುಹಿಡಿದರು. ಜೀವಕೋಶಗಳು ತಮ್ಮ ಕೆಲಸಕ್ಕೆ ಬೇಕಾದ ಶಕ್ತಿಯನ್ನು ಎ.ಟಿ.ಪಿ.ಯಿಂದ ಪಡೆಯುತ್ತವೆ ಎಂಬುದು ಇಂದು ಶಾಲೆಯ ಮಕ್ಕಳಿಗೂ ತಿಳಿದ ಸಂಗತಿ.

ಇಷ್ಟಾದರೂ ವಿಶ್ವವಿದ್ಯಾನಿಲಯದಲ್ಲಿ ಅವರಿಗೆ ಕಾಯಂ ಹುದ್ದೆ ದೊರೆಯಲಿಲ್ಲ. ಆ ವೇಳೆಗೆ ಅವರು ಯಕೃತ್ತಿನ ಸಾರವನ್ನು ಕುರಿತ ಸಂಶೋಧನೆಯಲ್ಲಿ ತೊಡಗಿದ್ದರು. ಕೆಲವು ರಕ್ತಹೀನತೆಯ ರೋಗಗಳನ್ನು ಯಕೃತ್ತಿನಲ್ಲಿರುವ ಯಾವುದೋ ಅಂಶವು ಗುಣಪಡಿಸುತ್ತದೆಂದು ಬಾಸ್ಟನ್ನಿನ ವೈದ್ಯರು ತೋರಿಸಿದ್ದರು. ಆದರೆ ಆ ಅಂಶದ ಪ್ರಮಾಣ ಅತ್ಯಲ್ಪ. ಅದನ್ನು ಬೇರ್ಪಡಿಸಲು ರಾಶಿರಾಶಿ ಯಕೃತ್ತು, ದೊಡ್ಡ ಯಂತ್ರಗಳು, ಹತ್ತಾರು ರಸಾಯನಜ್ಞರು ಬೇಕು. ಇದು ವಿಶ್ವವಿದ್ಯಾನಿಲಯದ ಒಂದು ಕೋಣೆಯಲ್ಲಿ ಆಗುವ ಕೆಲಸವಾಗಿರಲಿಲ್ಲ.

ಅಂದಿನ ಅಮೆರಿಕದಲ್ಲಿ ಔಷಧದ ಕಂಪನಿಗಳನ್ನು ಸೇರುವ ವಿಜ್ಞಾನಿಗಳ ಬಗ್ಗೆ ವಿದ್ವಾಂಸರಲ್ಲಿ ಗೌರವ ಕಡಿಮೆ. ಹಣ ಕೊಟ್ಟವನು ಸತ್ಯವನ್ನೂ ಕೊಳ್ಳಬಹುದೆಂಬ ಅಂಜಿಕೆ ಅವರದು. 1908ರಲ್ಲಿ ಸ್ಥಾಪನೆಯಾದ ಅಲ್ಲಿನ ಔಷಧವಿಜ್ಞಾನಿಗಳ ಸಂಘವು ಕಂಪನಿಗಳ ನೌಕರರಿಗೆ 1941ರವರೆಗೂ ಸದಸ್ಯತ್ವವನ್ನೇ ಕೊಡಲಿಲ್ಲ. ಆ ಅಂಜಿಕೆ ನಿರಾಧಾರವಾದುದೇನೂ ಆಗಿರಲಿಲ್ಲ. ಆದರೆ ಸುಬ್ಬರಾಯರ ಕಣ್ಣಮುಂದೆ ಇದ್ದುದು ಮದ್ದಿಲ್ಲದೆ ಸಾಯುವ ರೋಗಿ. 1940ರಲ್ಲಿ ಅವರು ನ್ಯೂಯಾರ್ಕಿನ ಬಳಿಯ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಶಾಲೆಯನ್ನು ಸೇರಿದರು. ಸ್ವಲ್ಪ ಕಾಲದಲ್ಲಿಯೇ ಅಲ್ಲಿನ ಸಂಶೋಧನೆಯ ನಿರ್ದೇಶಕರಾದರು.

ಕಂಪನಿಯ ಧನಬಲವು ಈಗ ಅವರ ಜ್ಞಾನಕ್ಕೆ ಒದಗಿತು. ಅವರ ಮಾರ್ಗದರ್ಶನದಲ್ಲಿ ಲೆಡರ್ಲೆಯ ರಸಾಯನಜ್ಞರು ಫೋಲಿಕ್ ಆಮ್ಲವನ್ನು ಶುದ್ಧಗೊಳಿಸಿ, 1945ರಲ್ಲಿ ಅದನ್ನು ಕೃತಕವಾಗಿ ತಯಾರಿಸುವ ವಿಧಾನವನ್ನು ಸಾಧಿಸಿದರು. ಆಸ್ಪತ್ರೆಗಳ ವೈದ್ಯರು ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದರು. ಗರ್ಭಿಣಿಯರ ಒಂದು ಬಗೆಯ ರಕ್ತಹೀನತೆಗೆ ಅದು ಮದ್ದಾಯಿತು. ಸ್ಪ್ರೂ ರೋಗಿಗಳೂ ಅದರಿಂದ ಚೇತರಿಸಿಕೊಂಡರು. ಸೋದರರನ್ನು ಕೊಂದ ರೋಗಕ್ಕೆ ಸುಬ್ಬರಾಯರ ಪ್ರಯೋಗಶಾಲೆಯಿಂದಲೇ ಮದ್ದು ಹೊರಟಿತು. ಸುಮಾರು ಕಾಲು ಶತಮಾನದ ಹಂಬಲವೊಂದು ಹೀಗೆ ಈಡೇರಿತು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಡಾ. ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳು ಕೆಲವೇ ವಾರಗಳಲ್ಲಿ ಅಸುನೀಗುವುದನ್ನು ಅವರು ದಿನವೂ ಕಾಣುತ್ತಿದ್ದರು. ಅಂಥ ಮಕ್ಕಳಿಗೆ ಫೋಲಿಕ್ ಆಮ್ಲದ ವರ್ಗದ ವಸ್ತುಗಳನ್ನು ಕೊಟ್ಟಾಗ ರೋಗವು ಉಲ್ಬಣಿಸಿದಂತೆ ಅವರಿಗೆ ತೋರಿತು. ಹಾಗಾದರೆ ಆ ಆಮ್ಲದ ಕೆಲಸವನ್ನು ತಡೆಯುವ ವಸ್ತುವಿನಿಂದ ರೋಗವನ್ನು ತಗ್ಗಿಸಬಹುದಲ್ಲವೇ ಎಂದು ಅವರು ಯೋಚಿಸಿದರು. ಸುಬ್ಬರಾಯರ ತಂಡವು ಅಂಥ ವಸ್ತುಗಳನ್ನು ತಯಾರಿಸಿ ಬಾಸ್ಟನ್ನಿಗೆ ಕಳುಹಿಸಿತು. ಅವುಗಳಲ್ಲಿ ಅಮಿನಾಪ್ಟೆರಿನ್ ಎಂಬುದು ಮುಖ್ಯವಾದುದು. ಅದನ್ನು ಪಡೆದ 16 ಮಕ್ಕಳಲ್ಲಿ 10 ಮಕ್ಕಳು ಸುಧಾರಿಸಿದರು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಓಡಾಡಿದರು. ಆ ಸುಖ ಬಹುಕಾಲ ನಿಲ್ಲಲಿಲ್ಲ. ರೋಗವು ಮರಳಿ ಬಂದಿತು. ಮದ್ದು ವಿಷದಂತೆ ಕ್ರೂರವೂ ಆಗಿತ್ತು. 1948ರ ಜೂನ್ ತಿಂಗಳಲ್ಲಿ ಪ್ರಕಟವಾದ ವರದಿಯಲ್ಲಿ ಫಾರ್ಬರ್ ಅವರು ಗೆಲುವನ್ನಷ್ಟೇ ಅಲ್ಲದೆ ಈ ಮಿತಿಗಳನ್ನೂ ಮುಚ್ಚಿಡದೆ ತಿಳಿಸಿದರು. ರಕ್ತದ ಕ್ಯಾನ್ಸರನ್ನು ಔಷಧದಿಂದ ಎದುರಿಸಬಹುದೆಂಬ ಭರವಸೆ ಅಂದು ಮೂಡಿತು. ಅದೇ ವರ್ಗದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ.

ಅದೇ ವರ್ಷಗಳಲ್ಲಿ ಲೆಡರ್ಲೆಯಿಂದ ಇನ್ನೆರಡು ಮದ್ದುಗಳು ಹೊರಬಂದವು. ಒಂದು, ಆನೆಕಾಲು ರೋಗದ ಜಂತುಗಳನ್ನು ನಾಶಪಡಿಸುವ ಹೆಟ್ರಾಜಾನ್, ಮುಂದೆ ಡಿ.ಇ.ಸಿ. ಮಾತ್ರೆಯೆಂಬ ಹೆಸರಿನಿಂದ ಕರ್ನಾಟಕದ ಕರಾವಳಿಯ ಮನೆಗಳಿಗೂ ಅದು ತಲಪಿತು. ಮತ್ತೊಂದು, ಮಣ್ಣಿನ ಸೂಕ್ಷ್ಮಜೀವಿಯಿಂದ ವೃದ್ಧ ವಿಜ್ಞಾನಿ ಬೆಂಜಮಿನ್ ಡುಗ್ಗರ್ ಅವರು ಪಡೆದ ಆರಿಯೋಮೈಸಿನ್. ಟೆಟ್ರಾಸೈಕ್ಲಿನ್ ವರ್ಗದ ಔಷಧಗಳಲ್ಲಿ ಅದೇ ಮೊದಲನೆಯದು.

ಆದರೆ ಈ ಫಲಗಳನ್ನು ಕಂಡು ಸಂತೋಷಪಡಲು ಸುಬ್ಬರಾಯರು ಹೆಚ್ಚು ಕಾಲ ಉಳಿಯಲಿಲ್ಲ. 1948ರ ಆಗಸ್ಟ್ 8ರಂದು, 53ನೆಯ ವಯಸ್ಸಿನಲ್ಲಿ, ನಿದ್ರೆಯಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ಅವರು ತಾಯ್ನಾಡಿಗೆ ಹಿಂದಿರುಗಿರಲಿಲ್ಲ. ಊರಿನಲ್ಲಿ ಹುಟ್ಟಿದ ಮಗ ತಂದೆಯ ಮುಖವನ್ನು ಕಾಣದೆ ಶೈಶವದಲ್ಲಿಯೇ ತೀರಿಹೋಗಿದ್ದನು. ಪತ್ನಿ ಶೇಷಗಿರಿಯವರು ಕಾದು ಕಾದು ಬಾಳನ್ನು ಸವೆಸಿದರು. ಸುಬ್ಬರಾಯರ ಸಾಧನೆಗೆ ಅವರ ಮನೆಯವರೂ ಬೆಲೆ ತೆತ್ತರೆಂಬುದನ್ನು ಮರೆಯಲಾಗದು.

ಸಾಮೂಹಿಕ ಸಂಶೋಧನೆಯಲ್ಲಿ ಒಬ್ಬರ ಹೆಸರು ಮೆರೆಯುವುದು ಕಷ್ಟ. ಹೆಸರಿಗಾಗಿ ಹಂಬಲಿಸದ ಸುಬ್ಬರಾಯರನ್ನು ಲೋಕವು ಬಹುಕಾಲ ಮರೆತೇ ಇತ್ತು. 1953ರಲ್ಲಿ ಒಂದು ಶಿಲೀಂಧ್ರಕ್ಕೆ ಸುಬ್ಬರೋಮೈಸಿಸ್ ಎಂದು ಅವರ ಹೆಸರನ್ನಿಡಲಾಯಿತು. 1995ರಲ್ಲಿ, ಅವರ ಜನ್ಮಶತಾಬ್ದಿಯ ಸಂದರ್ಭದಲ್ಲಿ, ಭಾರತ ಸರ್ಕಾರವು ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು.

ಸಂಪತ್ತು ಜ್ಞಾನದ ಒಡೆಯನಾದರೆ ಅಪಾಯ. ಸೇವಕನಾದರೆ ಲೋಕಕ್ಕೆ ಹಿತ. ಕಂಪನಿಯ ಹಣ, ವಿಜ್ಞಾನಿಯ ಬುದ್ಧಿ, ಆಸ್ಪತ್ರೆಯ ಅನುಭವ ಈ ಮೂರೂ ರೋಗಿಯ ಮುಂದೆ ತಲೆಬಾಗಬೇಕೆಂಬ ಪಾಠವನ್ನು ಸುಬ್ಬರಾಯರ ಜೀವನವು ಕಲಿಸುತ್ತದೆ. ಬಾಳೆಯ ಹಣ್ಣು ಮಾರಿ ಸಿರಿವಂತನಾಗಲು ಹೊರಟ ಬಾಲಕನು ಸಿರಿವಂತನಾಗಲಿಲ್ಲ. ಆದರೆ ಅವನಿಂದ ಲೋಕದ ಆರೋಗ್ಯಭಾಗ್ಯವು ಹೆಚ್ಚಿತು.