ಅಕ್ಷರಗುಂಡು ಓದಿಸಿದ ರೈಸ್



ಧಮ್ಮ ಬಂಧುಗಳೇ, ಇಲ್ಲದ್ದನ್ನು ಹೊಸದಾಗಿ ಮಾಡುವುದು ಆವಿಷ್ಕಾರ. ಇದ್ದೂ ತಿಳಿಯದಿದ್ದುದನ್ನು ಕಂಡುಕೊಳ್ಳುವುದು ಶೋಧ. ಮಕ್ಕಳಿಗೆ ಈ ವ್ಯತ್ಯಾಸ ಹೇಳುವಾಗ ನಾನು ಬಿ.ಎಲ್. ರೈಸ್ ಅವರ ಬದುಕನ್ನೇ ಹೇಳುತ್ತೇನೆ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನ ಮಿಷನರಿ ಮನೆಯಲ್ಲಿ. ಇಂಗ್ಲೆಂಡಿನಲ್ಲಿ ಓದಿ ಬಂದು 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರ್ ಆಗಿ ಮೈಸೂರು ಸೀಮೆ ಸುತ್ತಿದರು. ಊರೂರಿನ ಕಲ್ಲುಶಾಸನಗಳೇ ಅವರ ಬದುಕಿನ ಕೆಲಸವಾದವು.

1892ರಲ್ಲಿ ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಅವರು ಬೆಳಕಿಗೆ ತಂದರು. ಅಲ್ಲಿಯವರೆಗೆ ಇಷ್ಟು ದಕ್ಷಿಣದಲ್ಲಿ ಅಶೋಕನ ಶಾಸನ ಸಿಕ್ಕಿರಲಿಲ್ಲ.

ಬ್ರಹ್ಮಗಿರಿಯ ಬಂಡೆಗೆ ಊರವರು ಮೊದಲೇ ಅಕ್ಷರಗುಂಡು ಎನ್ನುತ್ತಿದ್ದರು. ಅಂದರೆ ಅಕ್ಷರ ಇರುವುದು ಎಲ್ಲರಿಗೂ ಗೊತ್ತಿತ್ತು, ಓದು ಮರೆತುಹೋಗಿತ್ತು. ಆ ಬ್ರಾಹ್ಮಿ ಲಿಪಿಯ ಗುಟ್ಟನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು ರೈಸ್ ಹುಟ್ಟಿದ ವರ್ಷವೇ.

ಬಂಡೆಯಲ್ಲಿ ಏನಿತ್ತು? ಉಪಾಸಕನಾದ ಮೇಲೂ ಮೊದಮೊದಲು ತಾನು ಸಾಕಷ್ಟು ಶ್ರಮಿಸಲಿಲ್ಲ, ಸಂಘದ ಹತ್ತಿರ ಬಂದ ಮೇಲೆ ಶ್ರಮಿಸಿದೆ ಎಂದು ರಾಜ ಹೇಳಿಕೊಳ್ಳುತ್ತಾನೆ. ಇದರ ಫಲ ದೊಡ್ಡವರಿಗೆ ಮಾತ್ರವಲ್ಲ, ಶ್ರಮಪಟ್ಟರೆ ಸಣ್ಣವರಿಗೂ ಸಿಗುತ್ತದೆ ಎನ್ನುತ್ತಾನೆ. ತಂದೆತಾಯಿಗೆ ವಿಧೇಯತೆ, ಜೀವಿಗಳ ಮೇಲೆ ದಯೆ, ಸತ್ಯ, ಗುರುವಿಗೆ ಗೌರವ, ಇವನ್ನು ಪಾಲಿಸಲು ಹೇಳುತ್ತಾನೆ. ರೈಸ್ ಇದಕ್ಕೆ ಒಂದಕ್ಷರವನ್ನೂ ಸೇರಿಸಲಿಲ್ಲ. ಎಪಿಗ್ರಾಫಿಯಾ ಕರ್ನಾಟಿಕದ 12 ಸಂಪುಟಗಳಲ್ಲಿ ಸುಮಾರು 9000 ಶಾಸನಗಳನ್ನು ಕೊಟ್ಟು 1906ರಲ್ಲಿ ನಿವೃತ್ತರಾದರು. 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಬುದ್ಧರ ಧಮ್ಮವೂ ಶೋಧವೇ ಎಂದು ಬಾಬಾಸಾಹೇಬರು ಬುದ್ಧ ಮತ್ತು ಅವನ ಧಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಅದು ಮೇಲಿನಿಂದ ಇಳಿದು ಬಂದದ್ದಲ್ಲ, ಮನುಷ್ಯರ ಬದುಕನ್ನು ವಿಚಾರಿಸಿ, ಪರೀಕ್ಷಿಸಿ ಕಂಡುಕೊಂಡದ್ದು. ದುಃಖವೂ ಅದರ ಕಾರಣವೂ ಮೊದಲೇ ಇದ್ದವು. ಹಾಗಾಗಿಯೇ ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು.

ನಿಮ್ಮದು 1956ರಲ್ಲಿ ನಾಗಪುರದಲ್ಲಿ ಹುಟ್ಟಿದ ಧರ್ಮವಲ್ಲವೇ ಎಂದು ಕೆಲವರು ನಮ್ಮನ್ನು ಕೇಳುತ್ತಾರೆ. ಅಂಥವರಿಗೆ ಬ್ರಹ್ಮಗಿರಿ ತೋರಿಸಿ. ಎರಡು ಸಾವಿರ ವರ್ಷಕ್ಕೂ ಹಿಂದೆ ಸಣ್ಣವರ ಹೆಸರೆತ್ತಿ ಕೊರೆದ ಮಾತು ಇಲ್ಲೇ ಇತ್ತು. ನಮ್ಮ ಮುತ್ತಜ್ಜಂದಿರಿಗೆ ಅಕ್ಷರವನ್ನೇ ಕೊಡದೆ ದೂರವಿಟ್ಟಿದ್ದರಿಂದ ಅದು ನಮ್ಮನ್ನು ತಲುಪಲಿಲ್ಲ. ಬಾಬಾಸಾಹೇಬರು ತಲುಪಿಸಿದರು.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಂಧುಗಳೇ, ಗೋಡೆಯ ಮೇಲೆ ಬುದ್ಧರ ಪಟವಿದ್ದು ಪಂಚಶೀಲ ನಡತೆಯಲ್ಲಿ ಇಲ್ಲದಿದ್ದರೆ ನಮ್ಮ ಮನೆಯಲ್ಲೂ ಓದದ ಅಕ್ಷರಗುಂಡು ಇದ್ದಂತೆ. ಇಂದು ಒಂದು ಶೀಲವನ್ನಾದರೂ ಮಕ್ಕಳ ಜೊತೆ ಕೂತು ಅರ್ಥಮಾಡಿಕೊಳ್ಳೋಣ, ಪಾಲಿಸೋಣ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.