ದಾದಿಯ ವಿದ್ಯೆಗೆ ಪದವಿ ತಂದ ಇಡಾ ಸ್ಕಡರ್

ಮಕ್ಕಳನ್ನು ನರ್ಸಿಂಗ್ ಕಲಿಯಲು ಕಳುಹಿಸುವುದು ಇಂದು ನಮ್ಮ ಮನೆಗಳಲ್ಲಿ ಸಾಮಾನ್ಯ ಸಂಗತಿ. ಹಿಂದೆ ಹಾಗಿರಲಿಲ್ಲ. ಪರರ ಮೈ ತೊಳೆಯುವ ಕೆಲಸವೆಂದು ಮನೆತನಸ್ಥರು ಹಿಂಜರಿಯುತ್ತಿದ್ದರು. ಆ ಕೆಲಸವನ್ನು ವಿದ್ಯೆಯ ಸ್ಥಾನಕ್ಕೆ ಏರಿಸಿದವರಲ್ಲಿ ವೆಲ್ಲೂರಿನ ಡಾ. ಇಡಾ ಸ್ಕಡರ್ ಒಬ್ಬರು.

ಇಡಾ 1870ರ ಡಿಸೆಂಬರ್ 9ರಂದು ಮದರಾಸು ಪ್ರಾಂತದ ರಾಣಿಪೇಟೆಯಲ್ಲಿ ಜನಿಸಿದರು. ಅಜ್ಜ, ತಂದೆ ಇಬ್ಬರೂ ಅಮೆರಿಕದ ಮಿಷನರಿ ವೈದ್ಯರು. ಆದರೂ ಇಲ್ಲಿ ನೆಲೆಸುವ ಇಚ್ಛೆ ಇಡಾರಿಗೆ ಇರಲಿಲ್ಲ. ಅಮೆರಿಕದಲ್ಲಿ ಓದಿದ ಅವರು 1890ರಲ್ಲಿ, ಅಸ್ವಸ್ಥರಾದ ತಾಯಿಯ ಆರೈಕೆಗೆಂದು ತಿಂಡಿವನಕ್ಕೆ ಬಂದಿದ್ದರು. ಅಲ್ಲಿ ಒಂದು ರಾತ್ರಿ ಮೂವರು ಗಂಡಸರು ಒಬ್ಬರ ಬಳಿಕ ಒಬ್ಬರು ಬಂದು ಬಾಗಿಲು ತಟ್ಟಿದರು. ಮೂವರ ಹೆಂಡಂದಿರೂ ಹೆರಿಗೆಯ ಸಂಕಟದಲ್ಲಿದ್ದರು. ಗಂಡಸಾದ ವೈದ್ಯರನ್ನು ಒಳಗೆ ಕರೆಯಲು ಸಂಪ್ರದಾಯ ಅಡ್ಡ ಬಂತು. ಇಡಾರಿಗೆ ವೈದ್ಯ ತಿಳಿಯದು. ಬೆಳಗಾಗುವುದರೊಳಗೆ ಮೂವರು ಹೆಂಗಸರೂ ತೀರಿಕೊಂಡರು. ವೈದ್ಯೆಯಾಗಬೇಕೆಂಬ ಇಡಾರ ನಿಶ್ಚಯಕ್ಕೆ ಆ ಸಾವುಗಳೇ ಕಾರಣವಾದುವು.

ಅವರು 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದು, ಮರುವರ್ಷ ವೆಲ್ಲೂರಿನಲ್ಲಿ ಒಂದೇ ಮಂಚದ ಚಿಕಿತ್ಸಾಲಯವನ್ನು ತೆರೆದರು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆ ಎದ್ದಿತು. ಆದರೆ ವೈದ್ಯೆ ಒಬ್ಬಳಿಂದ ಆಸ್ಪತ್ರೆ ನಡೆಯದು. ಗಾಯ ತೊಳೆಯಲು, ಜ್ವರ ನೋಡಲು, ಹೊತ್ತಿಗೆ ಸರಿಯಾಗಿ ಮದ್ದು ಕೊಡಲು, ರಾತ್ರಿಯಿಡೀ ಕಾಯಲು ಬಲ್ಲವರು ಬೇಕು. ಅದಕ್ಕಾಗಿ 1909ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ಹೆಣ್ಣುಮಕ್ಕಳ ವೈದ್ಯಕೀಯ ಶಾಲೆ ಬಂದದ್ದು 1918ರಲ್ಲಿ. ದಾದಿಯರಿಗೆ ವೈದ್ಯೆಯರಿಗಿಂತ ಒಂಬತ್ತು ವರ್ಷ ಮೊದಲೇ ಪಾಠ ಆರಂಭವಾಗಿತ್ತೆಂಬುದನ್ನು ನಾವು ಗಮನಿಸಬೇಕು.

ಆ ಶಾಲೆ 1946ರಲ್ಲಿ ಕಾಲೇಜಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿತು. ನರ್ಸಿಂಗಿನಲ್ಲಿ ಬಿ.ಎಸ್ಸಿ. ಪದವಿಯ ಪಾಠ ನಮ್ಮ ದೇಶದಲ್ಲಿ ಮೊದಲಿಗೆ ತೊಡಗಿದ್ದು ಅದೇ ವರ್ಷ, ವೆಲ್ಲೂರು ಮತ್ತು ದೆಹಲಿಗಳಲ್ಲಿ. ನಮ್ಮ ಕಾಸರಗೋಡು ಅಂದು ಅದೇ ಮದರಾಸು ಪ್ರಾಂತದಲ್ಲಿತ್ತು. ಇಡಾ 1960ರ ಮೇ ತಿಂಗಳಲ್ಲಿ ಕೊಡೈಕೆನಾಲಿನಲ್ಲಿ ನಿಧನರಾದರು.

ತಿಂಡಿವನದ ಆ ಮೂವರಿಗೆ, ಸಂಕೋಚವಿಲ್ಲದೆ ನೋವು ಹೇಳಿಕೊಳ್ಳಬಲ್ಲ ಒಬ್ಬ ಬಲ್ಲವಳು ಬೇಕಿದ್ದಳು. ಇಂಥ ಅಗತ್ಯ ನಮ್ಮ ಗಡಿನಾಡಿನಲ್ಲೂ ಉಂಟು. ಮಲಯಾಳ ಬಾರದ ಅಜ್ಜಿ ಆಸ್ಪತ್ರೆಯ ಮಂಚದ ಮೇಲೆ ಮಲಗಿ ತನ್ನ ನೋವನ್ನು ಯಾರಲ್ಲಿ ಹೇಳಿಕೊಳ್ಳಬೇಕು? ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಲ್ಲಿ ಕೆಲವರಾದರೂ ಆ ವಿದ್ಯೆ ಪಡೆದು ಊರಿನ ಆಸ್ಪತ್ರೆಗಳಲ್ಲೇ ನಿಂತರೆ, ಆಕೆಗೆ ಉತ್ತರ ದೊರೆತೀತು. ದೂರದ ದೇಶದ ಸಂಬಳವನ್ನು ನಾವು ಹೀಗಳೆಯುವುದಿಲ್ಲ. ಆದರೆ ಮನೆಯ ಹಿರಿಯರು ಮಕ್ಕಳಿಗೆ ಈ ಮಾತನ್ನೂ ತಿಳಿಸಲಿ.