ಫೈಲ್ ಆನ್‌ಲೈನ್ ಆದರೆ ಸಾಕೇ? ಕೆಂಗಲ್ ಹನುಮಂತಯ್ಯ ತೋರಿಸಿದ ದಾರಿ

ಅರ್ಜಿ ಆನ್‌ಲೈನ್ ಆದರೆ ಕಚೇರಿಯ ಕೆಲಸ ತಾನಾಗಿಯೇ ಚುರುಕಾಗುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದೇವೆ. ಇದು ಅರ್ಧ ಸತ್ಯ. ಉಳಿದರ್ಧ ತಿಳಿಯಲು, ಸರ್ಕಾರಿ ಮೇಜುಗಳ ಮೇಲೆ ಕಂಪ್ಯೂಟರ್ ಇಲ್ಲದಿದ್ದ ಕಾಲದ ಒಬ್ಬರ ಬದುಕನ್ನು ನೋಡೋಣ.

ಯಾರು ಇವರು?

ದೊಡ್ಡಮಳೂರಿನಿಂದ ಹಳೇ ಹೆದ್ದಾರಿಯಲ್ಲಿ ಬೆಂಗಳೂರಿನ ಕಡೆ ಹೊರಟರೆ, ಚನ್ನಪಟ್ಟಣ ದಾಟಿದ ಮೇಲೆ ಕೆಂಗಲ್ ಆಂಜನೇಯನ ಗುಡಿ ಸಿಗುತ್ತದೆ. ಆ ಕೆಂಗಲ್ ಹೆಸರಿನಿಂದಲೇ ಗುರುತಾದವರು ಹನುಮಂತಯ್ಯ. ಹುಟ್ಟಿದ್ದು 1908ರ ಫೆಬ್ರವರಿ 14ರಂದು, ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು ಓದಿ ವಕೀಲರಾದರು. ಸ್ವಾತಂತ್ರ್ಯ ಹೋರಾಟದಲ್ಲಿ ಹಲವು ಸಲ ಜೈಲು ಕಂಡರು. ಸಂವಿಧಾನ ಸಭೆಯ ಸದಸ್ಯರೂ ಆಗಿದ್ದರು.

ವಿಧಾನಸೌಧ ಶುರು ಮಾಡಿದ್ದು ಇವರೇ?

ಅಲ್ಲ. 1951ರ ಜುಲೈ 13ರಂದು ನೆಹರೂ ಶಂಕುಸ್ಥಾಪನೆ ಮಾಡಿದಾಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. 1952ರಲ್ಲಿ ಅಧಿಕಾರಕ್ಕೆ ಬಂದ ಹನುಮಂತಯ್ಯ ನಕ್ಷೆಯನ್ನೇ ಬದಲಿಸಿ, ಇಂದು ನಾವು ಕಾಣುವ ಭವ್ಯ ರೂಪ ಕೊಟ್ಟರು. ಖರ್ಚು ಹೆಚ್ಚಾಯಿತೆಂಬ ಟೀಕೆ ಜೋರಾಗಿಯೇ ಬಂತು. ಪಕ್ಷದೊಳಗಿನ ವಿರೋಧವೂ ಸೇರಿ, 1956ರ ಆಗಸ್ಟ್‌ನಲ್ಲಿ ಅವರು ಕುರ್ಚಿ ಬಿಟ್ಟರು. ಅವರು ಬಯಸಿದ್ದ ಏಕೀಕೃತ ರಾಜ್ಯ ಉದಯವಾದದ್ದು ಅದೇ ನವೆಂಬರ್ 1ರಂದು.

ಹೆಚ್ಚು ಜನರಿಗೆ ಗೊತ್ತಿಲ್ಲದ ಕೆಲಸ

ಕೇಂದ್ರದ ಮೊದಲ ಆಡಳಿತ ಸುಧಾರಣಾ ಆಯೋಗ 1966ರಲ್ಲಿ ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯಲ್ಲಿ ಆರಂಭವಾಯಿತು. ಮರುವರ್ಷ ದೇಸಾಯಿ ಉಪಪ್ರಧಾನಿಯಾದಾಗ, ಆಗ ಬೆಂಗಳೂರಿನ ಸಂಸದರಾಗಿದ್ದ ಹನುಮಂತಯ್ಯ ಅಧ್ಯಕ್ಷರಾದರು. ಆಯೋಗ ಒಟ್ಟು 20 ವರದಿ ಕೊಟ್ಟಿತು.

ಆಗ ಒಂದು ಕಾಗದ ಗುಮಾಸ್ತರ ಮೇಜಿನಿಂದ ಹೊರಟರೆ ಮೇಲಿನ ಒಬ್ಬೊಬ್ಬ ಅಧಿಕಾರಿಯ ಟಿಪ್ಪಣಿ ಹೊತ್ತು ಹತ್ತಬೇಕಿತ್ತು, ಮತ್ತೆ ಹಾಗೆಯೇ ಇಳಿಯಬೇಕಿತ್ತು. ಎಲ್ಲರೂ ಸಹಿ ಹಾಕುತ್ತಿದ್ದರು, ತೀರ್ಮಾನ ಯಾರದೆಂದು ಹೇಳುವುದು ಕಷ್ಟ. ಆಯೋಗದ ಸಲಹೆ ಸರಳವಾಗಿತ್ತು: ಸಚಿವರ ಕೆಳಗೆ ಪರಿಶೀಲನೆಗೆ ಎರಡೇ ಹಂತ ಸಾಕು. ವಿಷಯ ಬಲ್ಲ ಅಧಿಕಾರಿಗೆ ಒಂದು ಡೆಸ್ಕ್ ಕೊಡಿ, ಅವರ ಮಟ್ಟದ್ದನ್ನು ಅವರೇ ತೀರ್ಮಾನಿಸಲಿ. ಹಣಕಾಸು ಮತ್ತು ಆಡಳಿತದ ಅಧಿಕಾರವನ್ನು ಕೆಳಗಿನವರಿಗೆ ವಹಿಸುವ ಬಗ್ಗೆಯೇ 1969ರಲ್ಲಿ ಪ್ರತ್ಯೇಕ ವರದಿ ಬಂತು.

1970ರ ದಶಕದಲ್ಲಿ ಕೇಂದ್ರದಲ್ಲಿ ಡೆಸ್ಕ್ ಆಫೀಸರ್ ಪದ್ಧತಿ ಬಂದರೂ ಎಲ್ಲೆಡೆ ಬೇರೂರಲಿಲ್ಲ. ಹನುಮಂತಯ್ಯ ಮುಂದೆ ರೈಲ್ವೆ ಸಚಿವರೂ ಆದರು. 1980ರ ಡಿಸೆಂಬರ್ 1ರಂದು ತೀರಿಕೊಂಡರು.

ಇಂದಿಗೆ ಇದರ ಅರ್ಥವೇನು?

ಆರು ಮೇಜು ದಾಟುವ ಫೈಲನ್ನು ಕಂಪ್ಯೂಟರಿಗೆ ಹಾಕಿದರೆ, ಅದು ಅದೇ ಆರು ಲಾಗಿನ್ ದಾಟುತ್ತದೆ. ಫೈಲ್ ಕಳೆದುಹೋಗುವುದಿಲ್ಲ, ಎಲ್ಲಿದೆಯೆಂದು ಕಾಣುತ್ತದೆ. ಅದು ದೊಡ್ಡ ಲಾಭವೇ. ಆದರೆ ಕೆಳಗಿನ ಸಿಬ್ಬಂದಿಗೆ ತೀರ್ಮಾನಿಸುವ ಅಧಿಕಾರವನ್ನು ಯಾವ ಸಾಫ್ಟ್‌ವೇರೂ ಕೊಡುವುದಿಲ್ಲ. ಅದನ್ನು ನಿಯಮವೇ ಕೊಡಬೇಕು. ಸರ್ಕಾರಿ ಕಚೇರಿಗಷ್ಟೇ ಅಲ್ಲ, ಖಾಸಗಿ ಕಂಪನಿಯ ತಂಡಕ್ಕೂ ಈ ಮಾತು ಸಲ್ಲುತ್ತದೆ.

ಎರಡೂ ಸೇರಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ರಾಜ್ಯದ ಸಕಾಲ ಉದಾಹರಣೆ. 2011ರ ಈ ಕಾಯ್ದೆಯಡಿ ಪ್ರತಿ ಸೇವೆಗೂ ಒಬ್ಬ ಹೊಣೆಗಾರ ಅಧಿಕಾರಿ ಮತ್ತು ದಿನಗಳ ಗಡುವು ನಿಗದಿಯಾಗಿದೆ. ತಡವಾದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು.

ಹಾಗಾಗಿ ಜಾತಿ ಪ್ರಮಾಣಪತ್ರಕ್ಕೋ ಪಿಂಚಣಿಗೋ ಅರ್ಜಿ ಹಾಕಿದಾಗ ಸ್ವೀಕೃತಿ ಪತ್ರದಲ್ಲಿರುವ ಸಕಾಲ ಸಂಖ್ಯೆಯನ್ನು ಜೋಪಾನವಾಗಿಡಿ. ಗಡುವು ಮೀರಿದರೆ, ಇದನ್ನು ತೀರ್ಮಾನಿಸಬೇಕಾದ ಅಧಿಕಾರಿ ಯಾರು ಎಂದು ಮೊದಲು ಕೇಳಿ.